ಒಂದು ನದಿ ದಾಟಿ ಬನ್ನಿ, ಇನ್ನೊಂದು ದಾಟಿ ಹೋಗಿ: ರಾಯಚೂರು ರೈಲ್ವೆ ಸ್ಟೇಷನ್ ನೋಡುವ ಬಗೆ

ಬೆಂಗಳೂರಿಂದ ಉತ್ತರಕ್ಕೆ ಹೋಗುವವರು ರಾಯಚೂರನ್ನು ನಿದ್ದೆಯಲ್ಲೇ ದಾಟುತ್ತಾರೆ. ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಇರಲಿ, ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಇರಲಿ, ಸಂಜೆ ಬಿಟ್ಟ ಗಾಡಿ ನಮ್ಮೂರು ಮುಟ್ಟುವುದು ನಡುರಾತ್ರಿ ಕಳೆದ ಮೇಲೆ. ಕಿಟಕಿಯಾಚೆ ಹಳದಿ ಬೋರ್ಡು, ಒಂದಿಷ್ಟು ಚಹಾ ಕೂಗು, ಅಷ್ಟೇ. ಗಾಡಿ ಮುಂದೆ ಹೋಗುತ್ತದೆ.

ನನಗೆ ಇದು ಬಹಳ ಬೇಸರದ ವಿಷಯ. ಯಾಕಂದರೆ ಈ ಸ್ಟೇಷನ್ ಸುಮ್ನೆ ದಾಟಿ ಹೋಗುವ ಜಾಗವಲ್ಲ. ಬಾಂಬೆಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿಕೊಂಡದ್ದು ಇಲ್ಲಿ. ನಾನು ಸಣ್ಣವನಿದ್ದಾಗ ಅಜ್ಜ ನನ್ನನ್ನು ಸಂಜೆ ಹೊತ್ತು ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ನಿಂತು, "ನೋಡಪಾ, ಈ ಕಡೀಗೆ ಹೋದ್ರ ಬೊಂಬಾಯಿ, ಆ ಕಡೀಗೆ ಹೋದ್ರ ಮದ್ರಾಸು" ಅನ್ನುತ್ತಿದ್ದರು. ಈ ಊರಿನ ಸ್ಟೇಷನ್ ಇತಿಹಾಸ ಆ ಒಂದು ಮಾತಿನಲ್ಲೇ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಇದನ್ನು ಸರಿಯಾಗಿ ನೋಡಬೇಕಂದರೆ ನನ್ನ ಸಲಹೆ ಒಂದೇ. ಹಗಲು ಹೊತ್ತಿನಲ್ಲಿ ಒಂದು ನದಿ ದಾಟಿ ರಾಯಚೂರಿಗೆ ಬನ್ನಿ. ಹಗಲು ಹೊತ್ತಿನಲ್ಲೇ ಇನ್ನೊಂದು ನದಿ ದಾಟಿ ಹೊರಡಿ. ನಡುವೆ ಒಂದು ದಿನ ಇಟ್ಟುಕೊಳ್ಳಿ. ಅದನ್ನು ಹೇಗೆ ಮಾಡಬೇಕು ಅಂತ ಕೆಳಗೆ ಬರೆದಿದ್ದೇನೆ.

ಮೊದಲು: ಹೊರಡುವ ಮುಂಚೆ ಇಷ್ಟು ತಿಳಿದಿರಲಿ

ರಾಯಚೂರು ಇರುವುದು ಎರಡು ನದಿಗಳ ನಡುವೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಈ ನಡುವಿನ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳೂ ಎಷ್ಟು ಸಲ ಬಡಿದಾಡಿದರು ಅನ್ನೋದು ಶಾಲೆಯಲ್ಲಿ ಓದಿದ್ದೇವೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ದಂಡು ಯಾವ ಕಡೆಯಿಂದ ಬಂದರೂ ನದಿ ದಾಟಲೇಬೇಕು. ರೈಲಿಗೂ ಅದೇ ಕಷ್ಟ ಬಂತು.

ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬಾಂಬೆಯ ಬೋರಿಬಂದರಿನಿಂದ ಠಾಣೆಗೆ ಓಡಿತು. ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಕಂಪನಿ. ಅದೇ ಕಂಪನಿಯ ಹಳಿ 1863ರಲ್ಲಿ ಭೋರ್ ಘಾಟ್ ಹತ್ತಿತು. ಆಮೇಲೆ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ಮೇಲಿಂದ ಕೆಳಗೆ ಬಂತು. ಆ ಕಡೆ ಮದ್ರಾಸ್ ರೈಲ್ವೆ ಕಂಪನಿ 1856ರಲ್ಲಿ ರಾಯಪುರಂನಿಂದ ಶುರು ಮಾಡಿ ಅರಕ್ಕೋಣಂ, ಕಡಪ, ಗುತ್ತಿ, ಆದೋನಿ ದಾರಿಯಲ್ಲಿ ಮೇಲೆ ಬಂತು. ಒಬ್ಬರು ಕೃಷ್ಣಾ ದಾಟಿ ಬರಬೇಕಿತ್ತು, ಇನ್ನೊಬ್ಬರು ತುಂಗಭದ್ರಾ. ಎರಡೂ ಕಡೆಯವರು ನದಿ ದಾಟಿದ ಮೇಲೆ ಕೂಡಿಕೊಂಡ ಜಾಗ ನಮ್ಮ ರಾಯಚೂರು.

ಇನ್ನೊಂದು ಮಾತು. ಆಗ ರಾಯಚೂರು ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ನಿಜಾಮರ ರಾಜಧಾನಿಗೆ ವಾಡಿಯಿಂದ ಹಳಿ ಹಾಕಿ ರೈಲು ಬಂದದ್ದು 1874ರಲ್ಲಿ. ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲೇ ನಮ್ಮ ಊರು ರೈಲು ಕಂಡಿತ್ತು. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ ಅನ್ನಿಸುತ್ತದೆ.

ಎರಡೂ ಕಂಪನಿಗಳು ಹಾಕಿದ್ದು ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್ ಹಳಿ. ಹಾಗಾಗಿ ಬಾಂಬೆಯಲ್ಲಿ ತುಂಬಿದ ಡಬ್ಬಿಯಿಂದ ಇಲ್ಲಿ ಮಾಲು ಇಳಿಸಬೇಕಾಗಿರಲಿಲ್ಲ, ಅದೇ ಡಬ್ಬಿ ಮದ್ರಾಸ್ ಕಡೆ ಹೋಗಬಹುದಿತ್ತು. ಇದರ ಬೆಲೆ ತಿಳಿಯಬೇಕಾದರೆ ಪಕ್ಕದ ಗುಂತಕಲ್ ನೆನಪಿಸಿಕೊಳ್ಳಿ. ಬಳ್ಳಾರಿ, ಹೊಸಪೇಟೆ, ಹುಬ್ಬಳ್ಳಿ ಕಡೆಯದು ಇದಕ್ಕಿಂತ ಕಿರಿದಾದ ಮೀಟರ್‌ಗೇಜ್ ಆಗಿತ್ತು. 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಗುವ ತನಕ ನಮ್ಮ ಕಡೆಯವರು ಹುಬ್ಬಳ್ಳಿಗೆ ಹೋಗಬೇಕಂದರೆ ಗುಂತಕಲ್ಲಿನಲ್ಲಿ ಗಂಟುಮೂಟೆ ಸಮೇತ ಇಳಿದು ಗಾಡಿ ಬದಲಿಸಬೇಕಿತ್ತು.

ಎರಡನೆಯದು: ಟಿಕೆಟ್, ಮುಖ್ಯವಾಗಿ ತಾರೀಕು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ರಾಯಚೂರಿಗೆ ದೊಡ್ಡ ಗಾಡಿಗಳು ಬರುವುದು ಬಹಳಷ್ಟು ರಾತ್ರಿ ಹನ್ನೆರಡರಿಂದ ಬೆಳಗಿನ ಜಾವದ ನಡುವೆ. ಇಲ್ಲಿ ಹತ್ತುವವರು ಮಾಡುವ ದೊಡ್ಡ ತಪ್ಪು ತಾರೀಕಿನದು. 10ನೇ ತಾರೀಕಿನ ರಾತ್ರಿ ಊಟ ಮಾಡಿ ಸ್ಟೇಷನ್ನಿಗೆ ಹೋಗುತ್ತೀರಿ. ಗಾಡಿ ಬರೋದು ರಾತ್ರಿ ಎರಡೂವರೆಗೆ. ಆಗ ತಾರೀಕು 11 ಆಗಿರುತ್ತದೆ. ಟಿಕೆಟ್ 11ಕ್ಕೆ ಮಾಡಿಸಬೇಕು, ಸ್ಟೇಷನ್ನಿಗೆ 10ರ ರಾತ್ರಿಯೇ ಹೋಗಬೇಕು.

ನಮ್ಮ ಸೋದರತ್ತೆಯ ಮನೆಯವರು ಹೀಗೇ ಒಮ್ಮೆ ಟಿಕೆಟ್ ಮೇಲೆ 11 ಅಂತ ನೋಡಿ 11ರ ರಾತ್ರಿ ಹೋದರು. ಅವರ ಗಾಡಿ ಹಿಂದಿನ ರಾತ್ರಿಯೇ ಹೋಗಿತ್ತು. ಮಗನ ಮದುವೆಗೆ ಜವಳಿ ತರಲು ಹೊರಟಿದ್ದ ನಾಲ್ಕು ಜನ, ಬೆಳಗಿನ ತನಕ ಅಲ್ಲೇ ಕೂತು ವಾಪಸ್ ಬಂದರು. ಆವತ್ತಿನಿಂದ ನಮ್ಮ ಮನೆಯಲ್ಲಿ ಟಿಕೆಟ್ ಮಾಡಿಸಿದ ಕೂಡಲೇ ಕ್ಯಾಲೆಂಡರಿನಲ್ಲಿ ಹಿಂದಿನ ದಿನದ ಚೌಕದಲ್ಲಿ "ರಾತ್ರಿ ಊಟ ಮಾಡಿ ಹೊರಡೋದು" ಅಂತ ಬರೆಯುತ್ತೇವೆ. ನೀವೂ ಹಾಗೇ ಮಾಡಿ.

ರಿಸರ್ವೇಷನ್ ಈಗ 60 ದಿನ ಮುಂಚೆ ತೆರೆಯುತ್ತದೆ. ತತ್ಕಾಲ್ ಹಿಂದಿನ ದಿನ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ಇಲ್ಲಿ ಹಿಂದಿನ ದಿನ ಅಂದರೆ ಗಾಡಿ ತಾನು ಹೊರಡುವ ಊರು ಬಿಡುವ ದಿನಕ್ಕೆ ಹಿಂದಿನದು. ಬೆಂಗಳೂರಿಂದ 10ರ ಸಂಜೆ ಬಿಟ್ಟು 11ರ ನಡುರಾತ್ರಿ ರಾಯಚೂರಿಗೆ ಬರುವ ಗಾಡಿಗೆ ತತ್ಕಾಲ್ 9ರಂದೇ ತೆರೆದಿರುತ್ತದೆ. ಹುಡುಕುವಾಗ ರಾಯಚೂರಿನ ಸಂಕೇತ ಅಕ್ಷರ ಆರ್‌ಸಿ.

ಹಗಲು ಬರಲು ಎರಡು ದಾರಿ ನನಗೆ ಇಷ್ಟ. ಮೊದಲನೆಯದು, ಬೆಂಗಳೂರಿನವರು ರಾತ್ರಿ ಗಾಡಿಯಲ್ಲಿ ಸೀದಾ ಕಲಬುರಗಿಗೆ ಹೋಗಿಬಿಡಿ. ಒಂದು ದಿನ ಅಲ್ಲಿ ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ ನೋಡಿ. ಮರುದಿನ ಬೆಳಿಗ್ಗೆ ದಕ್ಷಿಣಕ್ಕೆ ಬರುವ ಗಾಡಿ ಹಿಡಿಯಿರಿ. 2024ರ ಮಾರ್ಚಿನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ನಸುಕಿನಲ್ಲಿ ಹೊರಡುತ್ತದೆ, ರಾಯಚೂರಿನಲ್ಲಿ ನಿಲ್ಲುತ್ತದೆ. ಅದರಲ್ಲಿ ಬಂದರೆ ಕೃಷ್ಣೆಯನ್ನು ಹೊಸ ಬೆಳಕಿನಲ್ಲಿ ನೋಡಬಹುದು. ಆದರೆ ಅದರ ಗಾಜು ತೆರೆಯುವುದಿಲ್ಲ. ಗಾಳಿ ಬೇಕು, ನದಿ ವಾಸನೆ ಬೇಕು ಅನ್ನುವವರಿಗೆ ಪ್ಯಾಸೆಂಜರ್ ಗಾಡಿಯೇ ಸರಿ. ಅದೇ ಎರಡನೆಯ ದಾರಿ. ವಾಡಿ ಕಡೆಯಿಂದಲೋ ಗುಂತಕಲ್ ಕಡೆಯಿಂದಲೋ ಹಗಲು ಪ್ಯಾಸೆಂಜರಿನಲ್ಲಿ ಬರೋದು. ವೇಳೆ ಆಗಾಗ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ರೈಲ್ವೆಯ ಆ್ಯಪಿನಲ್ಲಿ ನೋಡಿ, ಅಥವಾ 139ಕ್ಕೆ ಫೋನ್ ಮಾಡಿ ಕೇಳಿ.

ಯಾವ ತಿಂಗಳು ಬರಬೇಕು? ನಮ್ಮ ಬೇಸಿಗೆ ಬಗ್ಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ದಯವಿಟ್ಟು ಬೇಡ. ಬಿಸಿಲಿನ ಮಾತು ಹಾಗಿರಲಿ, ಆಗ ನದಿಯಲ್ಲಿ ಬಂಡೆ, ಮರಳು ಬಿಟ್ಟರೆ ನೀರು ಕಾಣೋದು ಕಡಿಮೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಬಂದರೆ ನದಿಯೂ ತುಂಬಿರುತ್ತದೆ, ಹೊಲವೂ ಹಸಿರಾಗಿರುತ್ತದೆ.

ಮೂರನೆಯದು: ಕೃಷ್ಣಾ ದಾಟುವ ಹೊತ್ತು

ಯಾದಗಿರಿ ಬಿಟ್ಟ ಮೇಲೆ ಮೊಬೈಲ್ ಒಳಗಿಡಿ. ಸ್ವಲ್ಪ ಹೊತ್ತಿಗೆ ಕೃಷ್ಣಾ ಅಂತಲೇ ಹೆಸರಿರುವ ಸ್ಟೇಷನ್ ಬರುತ್ತದೆ. ಅದು ತೆಲಂಗಾಣಕ್ಕೆ ಸೇರಿದ್ದು. ಅಲ್ಲಿಂದ ಮುಂದೆ ಸದ್ದು ಬದಲಾಗುತ್ತದೆ. ಗಾಡಿ ಸೇತುವೆ ಹತ್ತಿದೆ ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಅಗಲವಾದ ನದಿ, ನಡುವೆ ಕಪ್ಪು ಬಂಡೆಗಳು. ವಯಸ್ಸಾದವರು ಕೈ ಮುಗಿಯುತ್ತಾರೆ. ಕೆಲವರು ಮಕ್ಕಳ ಕೈಯಿಂದ ನಾಣ್ಯ ಹಾಕಿಸುತ್ತಾರೆ. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ. ಕಿಟಕಿ ಸೀಟು ಕೇಳಿಕೊಂಡರೆ ಯಾರಾದರೂ ಎರಡು ನಿಮಿಷ ಬಿಟ್ಟುಕೊಡುತ್ತಾರೆ, ನಮ್ಮ ಕಡೆ ಜನ ಅಂಥವರೇ.

ದಾಟಿದ ಕೂಡಲೇ ಶಕ್ತಿನಗರ. ಎತ್ತರದ ಚಿಮಣಿಗಳು ಕಾಣುತ್ತವೆ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಅದು, 1,720 ಮೆಗಾವಾಟ್. ಮುಂದೆ ಯರಮರಸ್ ಹತ್ತಿರ 800 ಮೆಗಾವಾಟಿನ ಎರಡು ಘಟಕಗಳ ಇನ್ನೊಂದು ಕೇಂದ್ರವಿದೆ. ಇವೆಲ್ಲ ನಡೆಯಬೇಕಾದರೆ ಕಲ್ಲಿದ್ದಲು ಬೇಕು. ಅದು ಬರುವುದು ರೈಲಿನಲ್ಲಿ. ಪಕ್ಕದ ಹಳಿಯಲ್ಲಿ ಉದ್ದನೆಯ ಕಲ್ಲಿದ್ದಲು ಗಾಡಿ ನಿಂತಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಬೆಂಗಳೂರಿನ ಮನೆಗಳ ದೀಪಕ್ಕೂ ಆ ಗಾಡಿಗೂ ಸಂಬಂಧ ಇದೆ.

ನಾಲ್ಕನೆಯದು: ಸ್ಟೇಷನ್ನಿನಲ್ಲಿ ಇಳಿದ ಮೇಲೆ

ಎಕ್ಸ್‌ಪ್ರೆಸ್ ಗಾಡಿಗಳು ಇಲ್ಲಿ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ನಿಲ್ಲೋದು ಕಡಿಮೆ. ಸಾಮಾನು ಮೊದಲೇ ಬಾಗಿಲ ಹತ್ತಿರ ತನ್ನಿ. ಇಳಿದ ಮೇಲೆ ಓಡಬೇಡಿ. ಎಲ್ಲರೂ ಹೊರಗೆ ಹೋಗಲಿ, ಐದು ನಿಮಿಷ ಬೆಂಚಿನ ಮೇಲೆ ಕೂತುಕೊಳ್ಳಿ.

ಹಳದಿ ಬೋರ್ಡಿನ ಹತ್ತಿರ ಹೋಗಿ. ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ಅಲ್ಲಿ ನಿಂತು ಎರಡೂ ಕಡೆ ನೋಡಿ. ಒಂದು ಕಡೆ ಸುಮಾರು 710 ಕಿ.ಮೀ. ಹೋದರೆ ಮುಂಬೈ. ಇನ್ನೊಂದು ಕಡೆ ಸುಮಾರು 570 ಕಿ.ಮೀ. ಹೋದರೆ ಚೆನ್ನೈ. ಎರಡೂ ತುದಿಯಲ್ಲಿ ಸಮುದ್ರ. ಅಜ್ಜ ತೋರಿಸುತ್ತಿದ್ದದ್ದು ಇದನ್ನೇ.

ಆಗ ಈ ಎರಡು ಊರುಗಳ ಗಡಿಯಾರವೂ ಒಂದೇ ಇರಲಿಲ್ಲ. ಬಾಂಬೆ ಟೈಮು ಮದ್ರಾಸ್ ಟೈಮಿಗಿಂತ ಸರಿಸುಮಾರು ಅರ್ಧ ಗಂಟೆ ಹಿಂದೆ. ರೈಲುಗಳು ಮದ್ರಾಸ್ ಟೈಮ್ ಹಿಡಿದು ಓಡುತ್ತಿದ್ದವು. ಇಡೀ ದೇಶಕ್ಕೆ ಒಂದೇ ಸಮಯ ಅಂತ ಆದದ್ದು 1906ರ ಜನವರಿ 1ರಿಂದ. ಹಾಗಾದರೆ ಬಾಂಬೆಯಿಂದ ಬಂದ ವ್ಯಾಪಾರಿ ಇಲ್ಲಿ ಇಳಿದಾಗ ಅವನ ಕಿಸೆಯ ಗಡಿಯಾರಕ್ಕೂ ರೈಲಿನ ಗಡಿಯಾರಕ್ಕೂ ಹೊಂದಿಕೆ ಆಗುತ್ತಿರಲಿಲ್ಲ ಅಲ್ವಾ? ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಕಂಪನಿಗಳೂ ಬದಲಾದವು. 1908ರಲ್ಲಿ ಮದ್ರಾಸ್ ರೈಲ್ವೆ ಹೋಗಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಬಂತು. 1951ರಲ್ಲಿ ಒಂದು ಕಡೆ ದಕ್ಷಿಣ ರೈಲ್ವೆ ಆಯಿತು, ಇನ್ನೊಂದು ಕಡೆ ಮಧ್ಯ ರೈಲ್ವೆ. ಹೆಸರು ಬದಲಾದರೂ ಕೂಡುವ ಜಾಗ ಬದಲಾಗಲಿಲ್ಲ.

ಇನ್ನು, ಪ್ಲಾಟ್‌ಫಾರ್ಮಿನಲ್ಲಿ ಕೂತಿರುವ ಜನರನ್ನು ನೋಡಿ. ಇದು ನಾನು ಬಹಳ ಮನಸ್ಸಿಟ್ಟು ಹೇಳುವ ಮಾತು. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಅಂತೂ ಇನ್ನೂ ಜಾಸ್ತಿ, ಇಡೀ ಮನೆಮಂದಿ ಇಲ್ಲಿ ಕೂತಿರುತ್ತಾರೆ. ಪಾತ್ರೆ ತುಂಬಿದ ಗೋಣಿಚೀಲ, ಹಾಸಿಗೆ ಸುರುಳಿ, ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿ. ಬೆಂಗಳೂರಿಗೋ ಪುಣೆಗೋ ಮುಂಬೈಗೋ ಕಟ್ಟಡ ಕೆಲಸಕ್ಕೆ ಹೊರಟವರು. ನಮ್ಮಲ್ಲಿ ಇದಕ್ಕೆ ಗುಳೆ ಹೋಗೋದು ಅಂತಾರೆ. ಕಂಪನಿಯವರು ಹತ್ತಿ ಸಾಗಿಸಲು ಈ ಹಳಿ ಹಾಕಿರಬಹುದು. ಆದರೆ ಈ ಸ್ಟೇಷನ್ನಿನ ಇತಿಹಾಸ ಬರೆಯುವವರು ಈ ಜನರನ್ನು ಬಿಟ್ಟರೆ ಅದು ಅರ್ಧ ಇತಿಹಾಸ. ಅವರ ಫೋಟೋ ತೆಗೆಯಬೇಡಿ. ಬೇಕಾದರೆ ಪಕ್ಕದಲ್ಲಿ ಕೂತು "ಯಾವೂರ್ರಿ ನಿಮ್ದು?" ಅಂತ ಕೇಳಿ. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯ ಒಂದಲ್ಲ ಒಂದು ಹಳ್ಳಿಯ ಹೆಸರು ಬರುತ್ತದೆ. ರೊಟ್ಟಿ ಬಿಚ್ಚಿದ್ದರೆ ನಿಮಗೂ ಕೊಡುತ್ತಾರೆ. ಬೇಡ ಅನ್ನಬೇಡಿ.

ಸ್ಟೇಷನ್ನುಗಳನ್ನು ಹೊಸದಾಗಿಸುವ ಅಮೃತ ಭಾರತ್ ಯೋಜನೆಯ ಪಟ್ಟಿಯಲ್ಲಿ ಇದೂ ಇದೆ. ಕೆಲಸ ನಡೆಯುವಾಗ ಒಳಗೆ ಹೋಗುವ, ಹೊರಗೆ ಬರುವ ದಾರಿ ಬದಲಾಗಿರಬಹುದು. ಕೇಳಿಕೊಂಡೇ ಹೋಗಿ. ಹಳಿ ಮೇಲೆ ಇಳಿದು ಆ ಕಡೆ ದಾಟುವುದು ಬೇಡವೇ ಬೇಡ. ಅಪಾಯ ಹೌದು, ರೈಲ್ವೆ ಕಾಯ್ದೆ ಪ್ರಕಾರ 1,000 ರೂಪಾಯಿ ತನಕ ದಂಡವೂ ಆರು ತಿಂಗಳ ತನಕ ಜೈಲೂ ಇದೆ. ಮೇಲ್ಸೇತುವೆ ಹತ್ತಿ. ಮೇಲಿಂದ ಹಳಿಗಳು ಒಂದಾಗುವುದು, ಬೇರೆಯಾಗುವುದು ಚೆನ್ನಾಗಿ ಕಾಣುತ್ತದೆ.

ರಾತ್ರಿ ಎರಡು ಮೂರು ಗಂಟೆಗೆ ಬಂದಿಳಿದವರು, ಅದರಲ್ಲೂ ಊರು ಹೊಸದಾದವರು, ಬೆಳಗಾಗುವ ತನಕ ವೇಟಿಂಗ್ ಹಾಲಿನಲ್ಲೇ ಇರಿ. ಟಿಕೆಟ್ ಬಿಸಾಡಬೇಡಿ, ಕೇಳಿದರೆ ತೋರಿಸಬೇಕಾಗುತ್ತದೆ.

ಐದನೆಯದು: ಹೊಟ್ಟೆಗೆ, ಆಮೇಲೆ ಕೋಟೆಗೆ

ಹೊರಗೆ ಬಂದ ಕೂಡಲೇ ಆಟೋದವರು "ಎಲ್ಲಿಗ್ರೀ?" ಅನ್ನುತ್ತಾರೆ. ಕನ್ನಡ, ಉರ್ದು, ತೆಲುಗು ಮೂರೂ ನಡೆಯುತ್ತದೆ. ಕೆಲವೊಮ್ಮೆ ಒಂದೇ ಮಾತಿನಲ್ಲಿ ಮೂರೂ ಇರುತ್ತದೆ. ಹತ್ತುವ ಮುಂಚೆ ರೇಟು ಮಾತಾಡಿಕೊಳ್ಳಿ.

ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿನ್ನಿ. ಮಂಡಕ್ಕಿ ನೆನೆಸಿ ಹಿಂಡಿ ಒಗ್ಗರಣೆ ಹಾಕಿದ್ದು, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ. ಮಧ್ಯಾಹ್ನಕ್ಕೆ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ತಿಂಡಿ ಆದ ಮೇಲೆ ಬಿಸಿಲು ಏರುವ ಮುಂಚೆ ಕೋಟೆ. ಬಸ್ ಸ್ಟ್ಯಾಂಡ್ ಹತ್ತಿರವೇ ಇದೆ. ಬೆಟ್ಟ ಹತ್ತಲು ಆಗದಿದ್ದರೆ ಬೇಡ. ಆದರೆ ಒಳಕೋಟೆಯ ಪಶ್ಚಿಮ ಗೋಡೆಯ ಕಲ್ಲನ್ನು ನೋಡದೆ ಹೋಗಬೇಡಿ. 40 ಅಡಿಗಿಂತ ಉದ್ದದ ಒಂದೇ ಕಲ್ಲು. ಅದರ ಮೇಲೆ 1294ರ ಶಾಸನ, ಕಾಕತೀಯರ ಕಾಲದ್ದು. ಹತ್ತಿರದಲ್ಲೇ ಒಂದು ಚಿತ್ರ ಕೆತ್ತಿದ್ದಾರೆ. ಈ ಕಲ್ಲನ್ನೇ ಉದ್ದನೆಯ ಬಂಡಿ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರ. ರೈಲು ನೋಡಲು ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿಲ್ಲ. ಹಳಿ ಬರುವುದಕ್ಕೆ ಸುಮಾರು 580 ವರ್ಷ ಮುಂಚೆ, ಇದೇ ನೆಲದ ಮೇಲೆ ಭಾರ ಸಾಗಿಸಿದ ಬಗೆಯನ್ನು ಆ ಕಲ್ಲುಕುಟಿಗರು ಬರೆದಿಟ್ಟಿದ್ದಾರೆ.

ಸಮಯ ಉಳಿದರೆ ಏಕ್ ಮಿನಾರ್ ಮಸೀದಿ, ಮಾವಿನಕೆರೆ. ಎರಡೂ ಊರೊಳಗೇ ಇವೆ.

ಆರನೆಯದು: ತುಂಗಭದ್ರಾ ದಾಟಿ ಹೊರಡುವುದು

ಮಧ್ಯಾಹ್ನ ನೆರಳಿನಲ್ಲಿ ಕಳೆಯಿರಿ. ಸಂಜೆಗೆ ಮೊದಲು ಗುಂತಕಲ್ ಕಡೆ ಹೋಗುವ ಗಾಡಿ ಹಿಡಿಯಿರಿ. ಹತ್ತಿರದ ದಾರಿಗೆ ಜನರಲ್ ಟಿಕೆಟ್ ಸಾಕು. ಮೊಬೈಲಿನಲ್ಲೂ ತೆಗೆಯಬಹುದು, ಕೌಂಟರಿನಲ್ಲಿ ಸರತಿ ಇದ್ದರೆ ಅದೇ ಒಳ್ಳೆಯದು.

ರಾಯಚೂರು ಬಿಟ್ಟು ಮಟಮಾರಿ ದಾಟಿದ ಮೇಲೆ ಹತ್ತಿ ಹೊಲಗಳ ನಡುವೆ ಹೋಗುತ್ತೀರಿ. ಆಮೇಲೆ ತುಂಗಭದ್ರಾ ಸೇತುವೆ. ಆ ದಡದಲ್ಲಿ ಆಂಧ್ರದ ಮಂತ್ರಾಲಯಂ ರೋಡ್ ಸ್ಟೇಷನ್. ಬೆಳಿಗ್ಗೆ ತೆಲಂಗಾಣದಿಂದ ಕೃಷ್ಣಾ ದಾಟಿ ಬಂದಿರಿ, ಸಂಜೆ ಆಂಧ್ರಕ್ಕೆ ತುಂಗಭದ್ರಾ ದಾಟಿ ಹೋದಿರಿ. ನಡುವೆ ಇರುವ ಹಳಿ ಐವತ್ತು ಕಿ.ಮೀ. ಆಸುಪಾಸು, ಅಷ್ಟೇ.

ಈ ನದಿ ಯಾವಾಗಲೂ ಶಾಂತವಾಗಿರುತ್ತದೆ ಅಂದುಕೊಳ್ಳಬೇಡಿ. 2009ರ ಅಕ್ಟೋಬರ್ ಮೊದಲ ವಾರ ಬಂದ ನೆರೆಯಲ್ಲಿ ಮಂತ್ರಾಲಯ ಮುಳುಗಿತ್ತು, ರಾಯಚೂರು ಜಿಲ್ಲೆಯ ನದಿ ದಡದ ಹಳ್ಳಿಗಳು ಮನೆಮಠ ಕಳೆದುಕೊಂಡವು. ನಮ್ಮ ಕಡೆ ಈಗಲೂ ಜನ "ನೆರೆ ಬಂದ ವರ್ಷ" ಅಂತಲೇ ಲೆಕ್ಕ ಹಾಕುತ್ತಾರೆ.

ಮಂತ್ರಾಲಯಂ ರೋಡಿನಿಂದ ರಾಯರ ಮಠ ಸುಮಾರು 15 ಕಿ.ಮೀ. ಬಸ್ಸು, ಆಟೋ ಸಿಗುತ್ತವೆ. ಶ್ರಾವಣದ ಆರಾಧನೆ ಸಮಯವಾದರೆ ವಸತಿ ಮೊದಲೇ ಮಾಡಿಸಿಕೊಳ್ಳಿ, ಆಗ ಬಂದು ಹುಡುಕಿದರೆ ಸಿಗೋದಿಲ್ಲ. ಅಲ್ಲಿ ಉಳಿಯದೆ ಬೆಂಗಳೂರಿಗೆ ಹೋಗುವವರು ಗುಂತಕಲ್ ತನಕ ಮುಂದುವರಿದು ರಾತ್ರಿ ಗಾಡಿ ಹಿಡಿಯಬಹುದು. ಆ ಗಾಡಿ ಹನ್ನೆರಡು ದಾಟಿ ಬರುವುದಾದರೆ, ಟಿಕೆಟ್ಟಿನ ತಾರೀಕು ಇನ್ನೊಂದು ಸಲ ನೋಡಿಕೊಳ್ಳಿ.